ಹದಿನಾರು ಗ್ರಾಂ ಗಾಳಿ

ಹೋದ ವಾರ ನಮ್ಮಣ್ಣ ಅರಸೀಕೆರೆಯ ನಮ್ಮ ಹಳೆಯ ಕೊಬ್ಬರಿ ಮಂಡಿಯ ಅಟ್ಟ ಖಾಲಿ ಮಾಡಿಸುವಾಗ ಅಪ್ಪನ ಕಾಲದ ತಕ್ಕಡಿ ಸಿಕ್ಕಿತಂತೆ. ತನ್ನ ಮನೆಯಲ್ಲಿ ಜಾಗವಿಲ್ಲವೆಂದು ತಂದು ನಮ್ಮ ನಡುಮನೆಯಲ್ಲಿ ಇಟ್ಟು ಹೋದ. ಹಿತ್ತಾಳೆಯ ಎರಡು ತಟ್ಟೆ, ಕಬ್ಬಿಣದ ದಂಡಿಗೆ, ತುಕ್ಕು ಹಿಡಿದ ಸರಪಳಿ. ಹುಣಸೆಹಣ್ಣು ಹಚ್ಚಿ ಎರಡು ಸಲ ತಿಕ್ಕಿದೆ. ತಟ್ಟೆ ಬೆಳಗಿತು, ಒಣಕೊಬ್ಬರಿಯ ಕಮಟು ವಾಸನೆ ಮಾತ್ರ ಹೋಗಲಿಲ್ಲ. ಹೋಗದಿದ್ದರೆ ಬೇಡ, ಆ ವಾಸನೆಗೆ ನಾನು ಹುಟ್ಟಿದಾಗಿನಿಂದ ಒಗ್ಗಿಕೊಂಡವಳು. ತೊಂದರೆ ಬೇರೆ. ಆ ತಟ್ಟೆಗಳು ಗಾಳಿಗೆ ಸುಮ್ಮನೆ ತೂಗಾಡುವುದನ್ನು ಕಂಡರೆ ನನ್ನ ಅಂಗೈ ಬೆವರುತ್ತದೆ. ನಗಬೇಡಿ. ಕಾರಣ ಹೇಳುತ್ತೇನೆ, ಆಮೇಲೆ ನಗುವುದೋ ಬೈಯುವುದೋ ನಿಮಗೆ ಬಿಟ್ಟದ್ದು.

ನಮ್ಮ ಮನೆಯಲ್ಲಿ ದೇವರ ಗೂಡಿಗೆ ಎಷ್ಟು ಮರ್ಯಾದೆಯೋ ತಕ್ಕಡಿಗೂ ಅಷ್ಟೇ ಮರ್ಯಾದೆ. ಬೆಳಿಗ್ಗೆ ಮಂಡಿಯ ಬಾಗಿಲು ತೆಗೆದೊಡನೆ ಅಪ್ಪ ವಿಭೂತಿ ಹಚ್ಚಿದ ಕೈಯಲ್ಲೇ ಅದರ ಮುಳ್ಳು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಚೀಲ ಎಷ್ಟು ದೊಡ್ಡದು, ಒಳಗೆ ಎಷ್ಟು ಕೊಬ್ಬರಿ ಉಂಡೆ ಇವೆ ಎಂದು ಯಾರೂ ಕೇಳುತ್ತಿರಲಿಲ್ಲ. "ತಕ್ಕಡಿ ಮುಂದೆ ಮಾತಿಲ್ಲ" ಎನ್ನುವುದು ಅಪ್ಪನ ಮಾತು. ಮನೆಯಲ್ಲಿ ಹಲಸಿನ ತೊಳೆ ಹಂಚುವಾಗಲೂ ಅಮ್ಮ ತೂಗಿಯೇ ಹಂಚುತ್ತಿದ್ದಳು. ಎಣಿಸಿ ಕೊಟ್ಟರೆ ದೊಡ್ಡ ತೊಳೆ ಸಣ್ಣ ತೊಳೆ ಎಂದು ನಾನೂ ಅಣ್ಣನೂ ಕಿತ್ತಾಡುತ್ತಿದ್ದೆವು. ಹೀಗೆ ಬೆಳೆದವಳಿಗೆ ಯಾವುದು ಹೆಚ್ಚು, ಯಾವುದು ಕಮ್ಮಿ ಎಂದರೆ ಕಣ್ಣು ಮೊದಲು ಹೋಗುವುದು ತೂಕದ ಕಡೆಗೆ. ನನ್ನನ್ನು ಹಳ್ಳಕ್ಕೆ ಬೀಳಿಸಿದ್ದೂ ಅದೇ.

ನಾನು ಓದಿದ್ದು ಸಸ್ಯಶಾಸ್ತ್ರ. ಎಂ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದಾಗ ಹಳೇಬೀಡಿನ ಹೊರಗಿದ್ದ ಒಂದು ಸಣ್ಣ ಖಾಸಗಿ ಪಿಯು ಕಾಲೇಜಿನಿಂದ ಕರೆ ಬಂತು. ಅದರ ಹೆಸರು ಬೇಡ, ಅದು ಮುಚ್ಚಿ ಎಷ್ಟೋ ವರ್ಷವಾಯಿತು. ಹೋಗಿ ನೋಡಿದರೆ ಸಸ್ಯಶಾಸ್ತ್ರಕ್ಕೆ ಆಗಲೇ ಜನ ಇದ್ದರು, ಖಾಲಿ ಇದ್ದದ್ದು ರಸಾಯನಶಾಸ್ತ್ರ. "ಎಲೆ ಹೂವಿಗೂ ಕೆಮಿಸ್ಟ್ರಿಗೂ ಏನ್ ಮಹಾ ದೂರ ಮೇಡಂ, ಎರಡೂ ಸೈನ್ಸೇ ಅಲ್ವಾ" ಎಂದರು ಪ್ರಿನ್ಸಿಪಾಲರು. ನನಗೆ ಕೆಲಸ ಬೇಕಿತ್ತು. ತಲೆಯಾಡಿಸಿದೆ.

ಆಮೇಲೆ ಶುರುವಾಯಿತು ನೋಡಿ ನನ್ನ ಪಾಡು. ಅರಸೀಕೆರೆಯಿಂದ ಜಾವಗಲ್ ಮೇಲೆ ಹೋಗುವ ಬೆಳಗಿನ ಬಸ್ಸಿನಲ್ಲಿ ಅವತ್ತಿನ ಪಾಠವನ್ನು ಬಾಯಿಪಾಠ ಮಾಡುತ್ತಿದ್ದೆ. ತುಂಬಿದ ಕೊಡ ಹೊತ್ತವಳ ಹಾಗೆ ತಲೆ ಅಲುಗಿಸದೆ ಕ್ಲಾಸಿಗೆ ಹೋಗಿ ಎಲ್ಲವನ್ನೂ ಸುರಿದು ಬರುತ್ತಿದ್ದೆ. ನನಗೆ ಭಯವಿದ್ದದ್ದು ಪಾಠದ ಮೇಲಲ್ಲ, ಪ್ರಶ್ನೆಗಳ ಮೇಲೆ. ಯಾರಾದರೂ ಕೈ ಎತ್ತಿದರೆ ಕಾಣದವಳ ಹಾಗೆ ಬೋರ್ಡಿನ ಕಡೆ ತಿರುಗಿಬಿಡುತ್ತಿದ್ದೆ. ದೇವಸ್ಥಾನ ನೋಡಲು ಬಂದ ಪ್ರವಾಸಿಗರ ದೊಡ್ಡ ಬಸ್ಸುಗಳು ಕಿಟಕಿಯ ಪಕ್ಕದಲ್ಲೇ ಹಾರನ್ನು ಹೊಡೆಯುತ್ತಾ ಹೋದರೆ ಪಾಠ ಎರಡು ನಿಮಿಷ ನಿಲ್ಲುತ್ತಿತ್ತು. ಉಳಿದ ಮೇಷ್ಟರು ಅವುಗಳಿಗೆ ಶಾಪ ಹಾಕುತ್ತಿದ್ದರು. ನಾನು ಮಾತ್ರ ಇನ್ನೊಂದು ಬಸ್ಸು ಬರಲಪ್ಪಾ ಎಂದು ಕಾಯುತ್ತಿದ್ದೆ.

ಮೊದಲ ಅಧ್ಯಾಯದಲ್ಲೇ ಲಿಮಿಟಿಂಗ್ ರಿಯೇಜೆಂಟ್ ಲೆಕ್ಕಗಳು ಬಂದವು. ನಿಮಗೆ ಮರೆತಿದ್ದರೆ ನೆನಪಿಸುತ್ತೇನೆ, ಹೆದರಬೇಡಿ. ಎರಡು ವಸ್ತುಗಳು ಸೇರಿ ಮೂರನೆಯದು ಆಗುವಾಗ ಒಂದು ಮೊದಲು ಮುಗಿದುಹೋಗುತ್ತದೆ, ಇನ್ನೊಂದು ಉಳಿಯುತ್ತದೆ. ಮೊದಲು ಮುಗಿಯುವುದೇ ಲಿಮಿಟಿಂಗ್ ರಿಯೇಜೆಂಟ್. ಎಷ್ಟು ಸರಕು ತಯಾರಾಗುತ್ತದೆ ಎಂಬುದನ್ನು ತೀರ್ಮಾನಿಸುವುದು ಅದು. ನಾನು ಬಸ್ಸಿನಲ್ಲಿ ಕಲಿತುಕೊಂಡ ಲೆಕ್ಕದಲ್ಲಿ ನಾಲ್ಕು ಗ್ರಾಂ ಜಲಜನಕ, ಅರವತ್ತನಾಲ್ಕು ಗ್ರಾಂ ಆಮ್ಲಜನಕ. ಸೇರಿದರೆ ನೀರು. ಪುಸ್ತಕದ ಪ್ರಕಾರ ಮೊದಲು ಮುಗಿಯುವುದು ಜಲಜನಕ. ನಾಲ್ಕು ಕಮ್ಮಿ, ಅರವತ್ತನಾಲ್ಕು ಹೆಚ್ಚು. ಕಮ್ಮಿ ಇದ್ದದ್ದು ಮುಗಿಯಿತು. ಇಷ್ಟು ಸುಲಭದ್ದಕ್ಕೆ ಪುಸ್ತಕದವರು ಒಂದು ಪುಟ ಯಾಕೆ ಬರೆದರೋ ಎಂದುಕೊಂಡೆ. ನಡುವೆ ಮೋಲು, ಭಾಗಾಕಾರ ಎಂದೆಲ್ಲ ಇದ್ದ ಸಾಲುಗಳನ್ನು ದಾಟಿಬಿಟ್ಟೆ. "ಯಾವುದು ತೂಕ ಕಮ್ಮಿಯೋ ಅದೇ ಲಿಮಿಟಿಂಗ್" ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದೆ. ಮೂವತ್ತೊಂದು ಮಂದಿ ಬರೆದುಕೊಂಡರು.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಗಂಟೆ ಬಾರಿಸಲು ಇನ್ನೂ ಹೊತ್ತಿತ್ತು, ಹುಮ್ಮಸ್ಸಿನಲ್ಲಿ ಇನ್ನೊಂದು ಲೆಕ್ಕ ನಾನೇ ಕಟ್ಟಿದೆ. ಹತ್ತು ಗ್ರಾಂ ಜಲಜನಕ, ಅರವತ್ತನಾಲ್ಕು ಗ್ರಾಂ ಆಮ್ಲಜನಕ. ಹಗುರವಾದದ್ದು ಜಲಜನಕ, ಪುಸ್ತಕದಲ್ಲಿ ಅದರ ನಾಲ್ಕು ಗ್ರಾಮಿಗೆ ಮೂವತ್ತಾರು ಗ್ರಾಂ ನೀರು ಬಂದಿತ್ತು, ಹತ್ತೂ ಪೂರ್ತಿ ಮುಗಿದರೆ ಬರುವ ನೀರು ತೊಂಬತ್ತು ಗ್ರಾಂ. ತೊಂಬತ್ತಕ್ಕೆ ಚೌಕ ಹಾಕಿ ತಿರುಗಿದೆ. ಮೂರನೇ ಬೆಂಚಿನಿಂದ ಒಂದು ಕೈ ಮೇಲೆದ್ದಿತ್ತು. ಚೈತ್ರ ಎಂದು ಹುಡುಗಿ. ಹಳೇಬೀಡಿನ ಕೆರೆಯ ಆಚೆ ಬದಿಯ ಹಳ್ಳಿಯವಳು, ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವಳು, ಇಂಗ್ಲಿಷಿನಲ್ಲಿ ಏನು ಕೇಳಿದರೂ ನೆಲ ನೋಡುತ್ತಿದ್ದವಳು.

"ಮಿಸ್, ಹಾಕಿದ್ದು ಎಪ್ಪತ್ನಾಕು ಗ್ರಾಂ. ಬಂದಿದ್ದು ತೊಂಬತ್ತು. ಇನ್ನ ಹದಿನಾರು ಎಲ್ಲಿಂದ ಬಂತು?"

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಧೈರ್ಯವೂ ಇರಲಿಲ್ಲ. ನಾನು ರಸಾಯನಶಾಸ್ತ್ರದವಳಲ್ಲ ಎಂಬುದು ಅವತ್ತೇ ಬಯಲಾಗಿಬಿಡುತ್ತದೆ ಎಂದು ಹೆದರಿದೆ. ಯಾವ ದೇವರು ಬಾಯಲ್ಲಿ ನುಡಿಸಿದನೋ, "ಅದು ಗಾಳಿಯಿಂದ ಬರುತ್ತೆ. ಕೂತ್ಕೋ" ಎಂದೆ. ಅವಳು ಕೂತಳು. ಹೊರಗೆ ಒಂದು ಬಸ್ಸು ಹಾರನ್ನು ಹೊಡೆಯಿತು.

ಎರಡು ವಾರಕ್ಕೆ ಮೊದಲ ಕಿರುಪರೀಕ್ಷೆ. ಬೋರ್ಡಿನ ಮೇಲೆ ಮಾಡಿದ ಅದೇ ಲೆಕ್ಕವನ್ನು ಪ್ರಶ್ನೆಪತ್ರಿಕೆಗೂ ಹಾಕಿದೆ. ಹೊಸದನ್ನು ಕೊಟ್ಟರೆ ಉತ್ತರ ನನಗೆ ಗೊತ್ತಿರಬೇಕಲ್ಲ. ಉಳಿದವರೆಲ್ಲ ತೊಂಬತ್ತು ಎಂದು ಬರೆದರು, ಅವರಿಗೆಲ್ಲ ಮೂರಕ್ಕೆ ಮೂರು ಅಂಕ. ಚೈತ್ರ ಎಪ್ಪತ್ತೆರಡು ಎಂದು ಬರೆದಿದ್ದಳು. ಅಡ್ಡ ಗೆರೆ ಹೊಡೆದೆ. ವ್ಯಾಖ್ಯೆ ಬರೆಯುವ ಪ್ರಶ್ನೆಗಳನ್ನೆಲ್ಲ ಇಂಗ್ಲಿಷಿನ ಭಯಕ್ಕೆ ಖಾಲಿ ಬಿಟ್ಟಿದ್ದರಿಂದ ಅವಳಿಗೆ ಒಟ್ಟು ಬಂದದ್ದು ಇಪ್ಪತ್ತೈದಕ್ಕೆ ಏಳು. ಪಾಸಾಗಲು ಒಂಬತ್ತು ಬೇಕಿತ್ತು. ಮೂರೇ ದಿನಕ್ಕೆ ಅವಳ ಅಪ್ಪ ಮಂಜೇಗೌಡರು ಕಾಲೇಜಿಗೆ ಬಂದರು. ಒಂದು ಸಬ್ಜೆಕ್ಟು ಹೋದರೂ ಸೈನ್ಸ್ ಬಿಡಿಸುತ್ತೇನೆ ಎಂದು ಮೊದಲೇ ಹೇಳಿದ್ದರಂತೆ. ಮಗಳನ್ನು ಆರ್ಟ್ಸಿಗೆ ಬದಲಾಯಿಸುವ ಅರ್ಜಿಗೆ ಸಹಿ ಹಾಕಿ ಕೊಟ್ಟು ಹೋದರು. ಅವತ್ತಿನಿಂದ ಅವಳು ಕ್ಲಾಸಿಗೆ ಬರಲಿಲ್ಲ.

ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅವಳು ಹೋಗುತ್ತಾಳೆ ಎಂದು ತಿಳಿದಾಗ ನನಗೆ ಒಳಗೊಳಗೇ ಹಗುರವಾಯಿತು. ಇನ್ನು ಮೂರನೇ ಬೆಂಚಿನಿಂದ ಕೈ ಏಳುವುದಿಲ್ಲವಲ್ಲ.

ಭಾನುವಾರ ಮಧ್ಯಾಹ್ನ ಮನೆಯಲ್ಲಿ ಉತ್ತರ ಪತ್ರಿಕೆಗಳ ಅಂಕ ಪಟ್ಟಿಗೆ ಏರಿಸುತ್ತಿದ್ದೆ. ಚೈತ್ರಳ ಪತ್ರಿಕೆಯ ಹಿಂದಿನ ಪುಟ ಗಾಳಿಗೆ ಮಗುಚಿತು. ಅಲ್ಲಿ ಪೆನ್ಸಿಲ್ಲಿನಲ್ಲಿ ಸಣ್ಣ ಸೊನ್ನೆಗಳನ್ನು ಬಿಡಿಸಿದ್ದಳು. ಐದು ಸಣ್ಣ ಸೊನ್ನೆ ಜಲಜನಕದ್ದು, ಎರಡು ದೊಡ್ಡ ಸೊನ್ನೆ ಆಮ್ಲಜನಕದ್ದು. ಎರಡು ಸಣ್ಣದನ್ನು ಒಂದು ದೊಡ್ಡದಕ್ಕೆ ಸೇರಿಸಿ ಸುತ್ತು ಹಾಕಿದ್ದಳು, ಹಾಗೆ ಎರಡು ಗುಂಪು. ಕೊನೆಗೆ ಒಂದು ಸಣ್ಣ ಸೊನ್ನೆ ಒಂಟಿಯಾಗಿ ಉಳಿದಿತ್ತು. ಕೆಳಗೆ ಕನ್ನಡದಲ್ಲಿ, "ಆಮ್ಲಜನಕ ಮುಗಿಯಿತು. ಜಲಜನಕ ಒಂದು ಉಳಿಯಿತು. ನೀರು 72, ಉಳಿದದ್ದು 2, ಒಟ್ಟು 74. ಸರಿಹೋಯಿತು."

ಅದನ್ನು ಎರಡು ಸಲ ಓದಿದೆ. ಪುಸ್ತಕ ತೆಗೆದು ದಾಟಿಬಿಟ್ಟಿದ್ದ ಸಾಲುಗಳನ್ನು ಓದಿದೆ. ಮೋಲ್ ಎಂದರೆ ಡಜನ್ನಿನ ಹಾಗೆ ಒಂದು ಎಣಿಕೆ. ಒಂದು ಮೋಲ್ ಜಲಜನಕದ ತೂಕ ಎರಡು ಗ್ರಾಂ, ಆಮ್ಲಜನಕದ್ದು ಮೂವತ್ತೆರಡು. ಗ್ರಾಮನ್ನು ಎಣಿಕೆಗೆ ಇಳಿಸಿ ನೋಡಿದರೆ ಹತ್ತು ಗ್ರಾಂ ಜಲಜನಕ ಐದು, ಅರವತ್ತನಾಲ್ಕು ಗ್ರಾಂ ಆಮ್ಲಜನಕ ಎರಡೇ ಎರಡು. ಅವಳ ಸೊನ್ನೆಗಳಿದ್ದಷ್ಟೇ. ಆದರೂ ತಪ್ಪು ನನ್ನದಾಗದಿರಲಿ ಎಂದು ಪಕ್ಕದ ಮಂಡಿಗೆ ಹೋಗಿ ಅಪ್ಪನನ್ನು ಕೇಳಿದೆ. "ಅಪ್ಪಾ, ಎರಡು ಸಾಮಾನಲ್ಲಿ ತೂಕ ಕಮ್ಮಿ ಇರೋದೇ ಅಲ್ವಾ ಮೊದಲು ಮುಗಿಯೋದು?"

ಅಪ್ಪ ಚೀಲದ ಬಾಯಿ ಹೊಲಿಯುತ್ತಿದ್ದರು. "ಅದ್ಯಾವ ಲೆಕ್ಕ ಕಣಮ್ಮ? ಮದುವೆ ತಾಂಬೂಲಕ್ಕೆ ನೂರು ಕೇಜಿ ಕಾಯಿ, ಮೂರು ಕೇಜಿ ಅಡಿಕೆ ತಂದ್ರೆ ಯಾವ್ದು ಮೊದ್ಲು ಮುಗೀತದೆ? ಚೀಲಕ್ಕೊಂದು ಕಾಯಿ, ಒಂದಡಿಕೆ. ಕಾಯಿ ಮುಗಿದು ಅಡಿಕೆ ಉಳೀತದೆ."

"ತಕ್ಕಡಿ ಮುಂದೆ ಮಾತಿಲ್ಲ ಅಂತೀರಲ್ಲ ನೀವು."

"ಕೊಬ್ಬರಿಗೆ ಅಂದಿದ್ದು. ಕಾಯಿ ಯಾವತ್ತಾದ್ರೂ ತೂಗಿದ್ದು ನೋಡಿದ್ಯಾ? ಕಾಯಿ ಎಣಿಸೋದು" ಎಂದು ಅಪ್ಪ ಮತ್ತೆ ಗೋಣಿದಾರ ಎಳೆದರು.

ಸೋಮವಾರ ಪ್ರಿನ್ಸಿಪಾಲರ ಮುಂದೆ ಎಲ್ಲ ಹೇಳಿದೆ. ಅವರು ಬಾಗಿಲು ಮುಂದಕ್ಕೆ ಮಾಡಿ ಬಂದು ಕೂತರು. "ಮುಂದಿನ ಕ್ಲಾಸಲ್ಲಿ ಸರಿಯಾಗಿ ಮಾಡ್ಬಿಡಿ ಮೇಡಂ, ಸಾಕು. ತಪ್ಪಾಯ್ತು ಅಂತ ನೀವೇ ಹೇಳ್ಕೊಂಡ್ರೆ ಯಾರನ್ನ ತಗೊಂಡಿದೀರಿ ಪಾಠಕ್ಕೆ ಅಂತ ನನ್ನ ಕೇಳ್ತಾರೆ. ಆ ಹುಡುಗಿ ಅರ್ಜಿ ಸಂಜೆ ನಾಲ್ಕಕ್ಕೆ ಇಲಾಖೆ ಆಫೀಸಿಗೆ ಕಳಿಸ್ತೀನಿ. ಅವರಪ್ಪನೇ ಬಂದು ವಾಪಸ್ ತಗೊಂಡ್ರೆ ಬೇರೆ ಮಾತು." ಅವರು ಬೆದರಿಸಲಿಲ್ಲ, ನನ್ನ ಒಳ್ಳೆಯದಕ್ಕೇ ಹೇಳಿದರು. ಸ್ಟಾಫ್ ರೂಮಿನಲ್ಲಿ ಅರ್ಧ ಗಂಟೆ ಕೂತೆ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆ ಹುಡುಗಿ ಆರ್ಟ್ಸ್ ಓದಿಕೊಂಡು ಚೆನ್ನಾಗಿಯೇ ಇರಬಹುದು. ಹೀಗೆಲ್ಲ ಮನಸ್ಸಿಗೆ ಸಮಾಧಾನ ಹೇಳಿ ನೋಡಿದೆ. ಆ ಒಂಟಿ ಸೊನ್ನೆ ಮಾತ್ರ ಕಣ್ಣೆದುರಿಂದ ಹೋಗಲಿಲ್ಲ. ಮಧ್ಯಾಹ್ನ ರಜೆ ಬರೆದುಕೊಟ್ಟು ಚೈತ್ರಳ ಊರಿಗೆ ಹೋಗುವ ಟೆಂಪೋ ಹತ್ತಿದೆ. ದಾರಿಯುದ್ದಕ್ಕೂ ಕೆರೆ ಕಾಣುತ್ತಿತ್ತು, ನಾನು ಗಡಿಯಾರ ನೋಡುತ್ತಿದ್ದೆ.

ಚೈತ್ರಳ ಮನೆ ಸಿಕ್ಕಾಗ ಎರಡೂಕಾಲು. ಅಂಗಳದಲ್ಲಿ ತೆಂಗಿನಕಾಯಿ ರಾಶಿ. ಮಂಜೇಗೌಡರು ಕುಕ್ಕರಗಾಲಲ್ಲಿ ಕೂತು ಎರಡೂ ಕೈಗೆ ಒಂದೊಂದು ಕಾಯಿ ಹಿಡಿದು ಜೋಡಿ ಜೋಡಿಯಾಗಿ ಆಚೆಗೆ ಎಸೆಯುತ್ತಾ ಎಣಿಸುತ್ತಿದ್ದರು. ಮೊದಲನೆಯ ಜೋಡಿಗೆ ಅವರು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. "ಲಾಭ, ಎರಡು, ಮೂರು..." ನೂರಾದರೆ ಗುರುತಿಗೆ ಒಂದು ಕಾಯಿ ಪಕ್ಕಕ್ಕೆ. ನಾನು "ಗೌಡ್ರೇ" ಎನ್ನಲು ಬಾಯಿ ತೆರೆದೆ. ಚೈತ್ರ ಒಳಗಿಂದ ಓಡಿಬಂದು ತುಟಿಯ ಮೇಲೆ ಬೆರಳಿಟ್ಟಳು. ಎಣಿಸುವಾಗ ಯಾರೂ ಮಾತಾಡುವ ಹಾಗಿಲ್ಲ. ಎಣಿಕೆ ತಪ್ಪಿದರೆ ಎಸೆದ ಕಾಯಿ ಆಗಲೇ ಎಣಿಸಿದ ರಾಶಿಗೆ ಬೆರೆತಿರುತ್ತದೆ, ಎಲ್ಲವನ್ನೂ ಮೊದಲಿಂದ ಎಣಿಸಬೇಕು. ಗೌಡರು ನನ್ನನ್ನು ನೋಡಿ ಕಣ್ಣಲ್ಲೇ ಜಗುಲಿ ತೋರಿಸಿದರು. ಬಾಯಲ್ಲಿ ಇಪ್ಪತ್ತೇಳು, ಇಪ್ಪತ್ತೆಂಟು.

ಕೂತೆ. ಗುರುತಿನ ಕಾಯಿ ನಾಲ್ಕಾಗಿದ್ದವು, ರಾಶಿ ಇನ್ನೂ ಅರ್ಧಕ್ಕಿಂತ ಹೆಚ್ಚಿತ್ತು. ಎರಡೂವರೆಯಾಯಿತು. ಹೇಳಬೇಕಾದ ಮಾತನ್ನು ಬಸ್ಸಿನ ಪಾಠದ ಹಾಗೆ ಬಾಯಿಪಾಠ ಮಾಡಿಕೊಂಡು ಬಂದಿದ್ದೆ, ಅದು ಹೊತ್ತು ಹೋದಷ್ಟೂ ಸೋರಿಹೋಗುತ್ತಿತ್ತು. ಚೈತ್ರ ನೀರು ತಂದುಕೊಟ್ಟಳು. ಮತ್ತೆ ಒಳಗೆ ಹೋಗಿ ಒಂದು ನೋಟ್‌ಬುಕ್ ತಂದು ನನ್ನ ತೊಡೆಯ ಮೇಲಿಟ್ಟಳು. ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದಳು.

"ಮಿಸ್, ಎಲ್ಲಾ ಲೆಕ್ಕಾನೂ ನೀವು ಹೇಳಿದ ಥರಾನೇ ಮಾಡಿದೀನಿ. ಇನ್ನ ತಪ್ಪಾಗಲ್ಲ. ಅಪ್ಪಂಗೆ ಒಂದ್ ಮಾತು ಹೇಳ್ತೀರಾ?"

ಪುಟ ತಿರುವಿದೆ. ಇಪ್ಪತ್ತಕ್ಕೂ ಹೆಚ್ಚು ಲೆಕ್ಕಗಳು, ದುಂಡಗಿನ ಅಕ್ಷರ. ಪ್ರತಿಯೊಂದರಲ್ಲೂ ತೂಕ ಕಮ್ಮಿ ಇದ್ದದ್ದೇ ಲಿಮಿಟಿಂಗ್. ಹಾಕಿದ್ದಕ್ಕಿಂತ ಬಂದದ್ದು ಹೆಚ್ಚಾದ ಕಡೆಯಲ್ಲೆಲ್ಲ ಕೊನೆಗೆ ಒಂದು ಸಾಲು ಅಚ್ಚುಕಟ್ಟಾಗಿ ಸೇರಿಸಿದ್ದಳು. "ಗಾಳಿಯಿಂದ 16 ಗ್ರಾಂ." "ಗಾಳಿಯಿಂದ 8 ಗ್ರಾಂ." "ಗಾಳಿಯಿಂದ 40 ಗ್ರಾಂ."

ನನಗೆ ತಡೆದುಕೊಳ್ಳಲು ಆಗಲಿಲ್ಲ. ಎದ್ದು ನಿಂತು ಜೋರಾಗಿಯೇ ಹೇಳಿದೆ. "ಗೌಡ್ರೇ, ನಿಮ್ಮ ಮಗಳು ಪರೀಕ್ಷೆಯಲ್ಲಿ ಬರೆದಿದ್ದು ಸರಿ. ನಾನು ಹೇಳಿಕೊಟ್ಟಿದ್ದೇ ತಪ್ಪು. ಆ ಮೂರು ಅಂಕ ಸೇರಿದರೆ ಅವಳು ಪಾಸಾಗಿದ್ದಾಳೆ."

ಗೌಡರ ಎರಡೂ ಕೈ ಗಾಳಿಯಲ್ಲೇ ನಿಂತವು. "ಅರವತ್ತ... ಅರವತ್ತೆಷ್ಟವ್ವಾ?" ಎಂದು ಮಗಳ ಕಡೆ ನೋಡಿದರು. ಅವಳಿಗೂ ಗೊತ್ತಿರಲಿಲ್ಲ. ಅವರು ಕಾಯಿಗಳನ್ನು ಕೆಳಗಿಟ್ಟರು. ನಾನು ಎಲ್ಲವನ್ನೂ ಹೇಳಿದೆ, ಗಾಳಿಯ ಸುಳ್ಳನ್ನೂ ಸೇರಿಸಿ.

"ಓದ್ಸೋರಿಗೇ ಬರ್ದಿದ್ರೆ ಓದೋ ಮಕ್ಳು ಏನ್ ಮಾಡ್ಬೇಕು ಮೇಡಮ್ಮೋರೆ?" ಎಂದರು. ಸಿಟ್ಟಿನಿಂದ ಅಲ್ಲ, ನಿಜಕ್ಕೂ ಕೇಳಿದರು. ಆಮೇಲೆ ಮಗಳ ಕಡೆ ತಿರುಗಿದರು. "ನಿಂಗೆ ಗೊತ್ತಿತ್ತಾ ಇದು?"

"ಗೊತ್ತಿತ್ತು ಕಣಪ್ಪ."

"ಮತ್ಯಾಕೆ ಸುಮ್ಕಿದ್ದೆ?"

"ಮಿಸ್ಸು ಕೂತ್ಕೋ ಅಂದ್ರು."

ಗೌಡರು ಎದ್ದು ಹೆಗಲ ಟವೆಲ್ಲಿನಲ್ಲಿ ಕೈ ಒರೆಸಿಕೊಂಡರು. "ನಡೀರಿ, ಬತ್ತೀನಿ. ಅರ್ಜಿ ಈಸ್ಕೊತೀನಿ. ಆದ್ರೆ ಒಂದ್ ಮಾತೈತೆ. ಇದ್ನ ನೀವು ಎಲ್ಲಾ ಮಕ್ಳ ಮುಂದೆ ಹೇಳ್ಬೇಕು. ಇವಳೊಬ್ಬಳ ತಾವ ಹೇಳಿದ್ರೆ ಆಗಾಕಿಲ್ಲ." ಕಾಯಿ ರಾಶಿಯ ಕಡೆ ಒಮ್ಮೆ ನೋಡಿ ನಿಟ್ಟುಸಿರು ಬಿಟ್ಟು ಗಾಡಿ ತೆಗೆದರು. ಅವರ ಮೊಪೆಡ್ಡಿನ ಹಿಂದೆ ಕೂತು ಕಾಲೇಜು ಸೇರಿದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಪ್ರಿನ್ಸಿಪಾಲರು ನನ್ನ ಮುಖ ನೋಡದೆ ಅರ್ಜಿ ಹಿಂದಕ್ಕೆ ಕೊಟ್ಟರು.

ಮಾರನೆಯ ದಿನ ಬಸ್ಸಿನಲ್ಲಿ ನಾನು ಏನನ್ನೂ ಬಾಯಿಪಾಠ ಮಾಡಲಿಲ್ಲ. ಇವತ್ತೇ ಕೊನೆಯ ದಿನ ಇರಬಹುದು ಎಂದುಕೊಂಡೇ ಕ್ಲಾಸಿಗೆ ಹೋದೆ. ಬೋರ್ಡಿನ ಮೇಲೆ ಹಳೆಯ ಲೆಕ್ಕ ಬರೆದೆ, ತೊಂಬತ್ತಕ್ಕೆ ಅಡ್ಡಗೆರೆ ಹಾಕಿದೆ, ನಾನು ಹೇಳಿಕೊಟ್ಟದ್ದು ತಪ್ಪು ಎಂದೆ. ಚೈತ್ರಳನ್ನು ಕರೆದು ಸೊನ್ನೆಗಳನ್ನು ಬಿಡಿಸಲು ಹೇಳಿದೆ. ಅವಳು ಬಿಡಿಸಿ ತೋರಿಸಿದಳು, ನಾನೂ ಬೆಂಚಿನಲ್ಲಿ ಕೂತು ಬರೆದುಕೊಂಡೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದ. "ಹಂಗಾದ್ರೆ ನಮ್ಮ ಮೂರು ಮಾರ್ಕ್ಸು ಹೋಯ್ತಾ ಮಿಸ್?" ಎಲ್ಲರೂ ನಕ್ಕರು, ನಾನೂ ನಕ್ಕೆ. ಹೋಗುವುದಿಲ್ಲ, ಅದು ನನ್ನ ತಪ್ಪಿಗೆ ದಂಡ ಎಂದೆ. ಎದೆಯ ಮೇಲಿಂದ ಕಲ್ಲು ಇಳಿಸಿದ ಹಾಗಾಗಿತ್ತು. ಆ ನಿರಾಳದಲ್ಲಿ, ಸುಮ್ಮನೆ ತಮಾಷೆಗೆ ಕೇಳಿದೆ. "ಎಪ್ಪತ್ನಾಲ್ಕು ಹಾಕಿ ತೊಂಬತ್ತು ಬಂದಾಗ ಚೈತ್ರನ್ನ ಬಿಟ್ಟು ಬೇರೆ ಯಾರಿಗೂ ಅನುಮಾನ ಬರಲಿಲ್ವಾ?"

ಮೊದಲು ಒಂದು ಕೈ ಎದ್ದಿತು. ಆಮೇಲೆ ಪಕ್ಕದವಳದು. ಎಣಿಸಿದೆ, ಒಂಬತ್ತು ಕೈ. "ಬಂದಿತ್ತು ಮಿಸ್. ನೀವು ಹೇಳಿದ್ರಲ್ಲ, ಅದಕ್ಕೇ ಬರ್ಕೊಂಡ್ವಿ" ಎಂದ ಒಬ್ಬ. ಅವನ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ಪ್ರಿನ್ಸಿಪಾಲರು ಹೆದರಿದ ಹಾಗೆ ಯಾವ ಅಪ್ಪನೂ ಬಂದು ಕೇಳಲಿಲ್ಲ, ನನ್ನ ಕೆಲಸವೂ ಹೋಗಲಿಲ್ಲ. ಚೈತ್ರ ಪಿಯುಸಿ ಮುಗಿಸಿ ಹಾಸನದಲ್ಲಿ ಬಿ.ಎಸ್ಸಿ. ಮಾಡಿದಳು, ಈಗ ಯಾವುದೋ ಪ್ರಯೋಗಾಲಯದಲ್ಲಿ ಮಣ್ಣು ಪರೀಕ್ಷೆಯ ಕೆಲಸದಲ್ಲಿದ್ದಾಳೆ ಎಂದು ಕೇಳಿದ್ದೇನೆ. ನಾನು ಅರಸೀಕೆರೆಯಲ್ಲೇ ಇನ್ನೊಂದು ಕಾಲೇಜಿನಲ್ಲಿ ನನ್ನ ಸಸ್ಯಶಾಸ್ತ್ರವನ್ನೇ ಕಲಿಸುತ್ತಿದ್ದೇನೆ. ವಿಷಯ ನನ್ನದೇ, ಹೆದರಿಕೆ ಇರಬಾರದು. ಆದರೆ ಅವತ್ತಿನ ಆ ಒಂಬತ್ತು ಕೈಗಳು ನನ್ನನ್ನು ಬಿಟ್ಟಿಲ್ಲ. ಆ ಒಂದು ತಪ್ಪು ಸಿಕ್ಕಿದ್ದು ಒಬ್ಬಳು ಕೇಳಿದ್ದರಿಂದ. ಯಾರೂ ಕೇಳದೆ, ಮಿಸ್ಸು ಹೇಳಿದರಲ್ಲ ಎಂದು ಬರೆದುಕೊಂಡು ಹೋದ ನನ್ನ ತಪ್ಪುಗಳು ಎಷ್ಟು ಮಂದಿಯ ನೋಟ್‌ಬುಕ್ಕಿನಲ್ಲಿವೆಯೋ. ಯಾರೂ ಏನೂ ಕೇಳದೆ ಗಂಟೆ ಬಾರಿಸಿದ ದಿನ ನನಗೆ ಊಟ ಸೇರುವುದಿಲ್ಲ.

ನಿನ್ನೆಯೂ ಹಾಗೇ ಆಯಿತು. ಬೇರು ನೀರು ಹೀರುವ ಪಾಠ, ನಲವತ್ತು ಮಂದಿ, ಒಂದು ಪ್ರಶ್ನೆಯೂ ಇಲ್ಲ. ಸ್ಟಾಫ್ ರೂಮಿಗೆ ಬಂದು ಡಬ್ಬಿ ತೆರೆದವಳು ಹಾಗೇ ಮುಚ್ಚಿ, ಮತ್ತೆ ಆ ತರಗತಿಗೇ ಹೋದೆ. ಮಕ್ಕಳು ಊಟಕ್ಕೆ ಕೂತಿದ್ದರು. "ಇವತ್ತು ನಾನು ಹೇಳಿದ್ದರಲ್ಲಿ ಯಾವುದು ಸರಿಯಿಲ್ಲ ಅನ್ನಿಸ್ತು, ಹೇಳಿ" ಎಂದೆ. ಒಬ್ಬರ ಮುಖ ಒಬ್ಬರು ನೋಡಿದರು. ನಾನು ಬಾಗಿಲಲ್ಲೇ ನಿಂತಿದ್ದೆ. ಕೊನೆಗೆ ಗೋಡೆಯ ಪಕ್ಕದ ಹುಡುಗಿಯೊಬ್ಬಳು ಎಂಜಲು ಕೈಯನ್ನು ಮಡಿಲಲ್ಲಿ ಮುಚ್ಚಿಕೊಂಡು ಎಡಗೈಯನ್ನು ಅರ್ಧ ಮೇಲೆತ್ತಿದಳು.